ಕಂಟ್ರೋಲ್ ಸರಿ ಬರ್ತಿತ್ತು, ಪೇಷಂಟ್ ಎಂಸಿವಿ ಮಾತ್ರ ಜಾಸ್ತಿ: ಈಗ ಯಾವುದನ್ನ ನಂಬೋದು?

ಪ್ರಶ್ನೆ: ಮೇಡಂ, ನಾನು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಾಡಿ ತಾಲೂಕು ಊರಲ್ಲಿ ಸಣ್ಣ ಲ್ಯಾಬ್ ಇಟ್ಕೊಂಡಿದ್ದೀನಿ. ರಕ್ತಕಣ ಎಣಿಸೋ ತ್ರೀ ಪಾರ್ಟ್ ಸೆಲ್ ಕೌಂಟರ್ ಇದೆ, ದಿನಕ್ಕೆ 30–40 ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಆಗುತ್ತೆ, ಅರ್ಧ ಸ್ಯಾಂಪಲ್ ಹಳ್ಳಿ ಕಡೆಯ ಕಲೆಕ್ಷನ್ ಸೆಂಟರ್‌ನಿಂದ ಮಧ್ಯಾಹ್ನದ ಬಸ್ಸಲ್ಲಿ ಬರುತ್ತೆ. ಮೂರು ತಿಂಗಳಿಂದ ನಮ್ಮ ಡಾಕ್ಟ್ರು "ಏನ್ರೀ ನಿಮ್ಮಲ್ಲಿ ಎಲ್ಲರ ಎಂಸಿವಿನೂ 95, 96, 98 ಬರುತ್ತಲ್ಲ" ಅಂತಿದ್ರು (ಎಂಸಿವಿ ಅಂದ್ರೆ ಕೆಂಪು ಕಣದ ಸರಾಸರಿ ಗಾತ್ರ). ಒಬ್ಬ ಪೇಷಂಟ್‌ಗೆ ನಮ್ಮಲ್ಲಿ 96, ಜಿಲ್ಲಾ ಕೇಂದ್ರದ ದೊಡ್ಡ ಲ್ಯಾಬಲ್ಲಿ 89. ಆದ್ರೆ ಮಷೀನ್ ಸರಿಯಿದ್ಯಾ ನೋಡಕ್ಕೆ ದಿನಾ ಬೆಳಿಗ್ಗೆ ಹಾಕೋ, ಉತ್ತರ ಮೊದಲೇ ಗೊತ್ತಿರೋ ಕಂಟ್ರೋಲ್ ರೇಂಜಲ್ಲೇ ಇತ್ತು: ಟಾರ್ಗೆಟ್ 90, ರೇಂಜ್ 87ರಿಂದ 93, ನಮಗೆ 91.5 ಆಸುಪಾಸು, ಮೊದಲು 89 ಬರ್ತಿತ್ತು. ಇಂಜಿನಿಯರ್ ಬಂದು ಎಂಸಿವಿ ಫ್ಯಾಕ್ಟರ್ (ಮಷೀನ್ ತನ್ನ ಅಳತೆಯನ್ನ ಗುಣಿಸೋ ಸಂಖ್ಯೆ, ಶೇಕಡಾ ಲೆಕ್ಕದಲ್ಲಿ) 100 ಇದ್ದಿದ್ದನ್ನ 94 ಮಾಡಿ ಹೋದ್ರು. ಈಗ ಪೇಷಂಟ್ ರಿಪೋರ್ಟ್ ಸರಿ ಕಾಣುತ್ತೆ, ಕಂಟ್ರೋಲ್ 86ಕ್ಕೆ ಇಳಿದು ರೇಂಜ್ ಹೊರಗೆ ಹೋಗಿದೆ. "ಹೊಸ ಲಾಟ್ ಕಂಟ್ರೋಲ್ ಬಂದ್ರೆ ಸರಿಹೋಗುತ್ತೆ ಬಿಡಿ" ಅಂದ್ರು. ಇನ್ನೊಬ್ರು ಸೇಲ್ಸ್‌ನವರು ಲ್ಯಾಟೆಕ್ಸ್ ಬೀಡ್ಸ್ (ಗೊತ್ತಿರೋ ಅಳತೆಯ ಸಣ್ಣ ಗುಂಡುಗಳು) ತಗೊಳ್ಳಿ, ಅದು ಪಕ್ಕಾ ಅಳತೆ ಅಂತಾರೆ. ಅಂದ ಹಾಗೆ ಅದೇ ಸಮಯಕ್ಕೆ ಡೈಲ್ಯೂಯೆಂಟನ್ನ (ರಕ್ತ ತೆಳು ಮಾಡೋ ದ್ರವ) ಕಂಪನಿದು ಬಿಟ್ಟು ಲೋಕಲ್ ಕ್ಯಾನ್‌ಗೆ ಬದಲಾಯಿಸಿದ್ವಿ, ಅರ್ಧ ರೇಟಿಗೆ ಸಿಗುತ್ತೆ ಅಂತ. ಮಷೀನ್ ಕೆಟ್ಟಿದ್ಯಾ? ಏನ್ ಮಾಡ್ಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲನ್ನ ನೀವು "ಅಂದ ಹಾಗೆ" ಅಂತ ಶುರು ಮಾಡಿದ್ದೀರ. ಅದಕ್ಕೆ ಬರ್ತೀನಿ. ಮೊದಲು ಸಮಾಧಾನಕ್ಕೆ ಹೇಳ್ತೀನಿ, ಮಷೀನ್ ಕೆಟ್ಟಿರೋ ಹಾಗೆ ನನಗಂತೂ ಕಾಣ್ತಿಲ್ಲ. ನಿಮ್ಮನ್ನ ಕಾಡ್ತಿರೋ ಪ್ರಶ್ನೆ ಇಷ್ಟು: ಮೊದಲು ಕಂಟ್ರೋಲ್ ಸರಿ, ಪೇಷಂಟ್ ತಪ್ಪು, ಈಗ ಪೇಷಂಟ್ ಸರಿ, ಕಂಟ್ರೋಲ್ ತಪ್ಪು. ಎರಡೂ ಒಟ್ಟಿಗೆ ಸರಿ ಆಗ್ತಿಲ್ಲ, ಹಾಗಾದ್ರೆ ಯಾರ ಮಾತು ನಂಬೋದು ಅಂತ. ಇಪ್ಪತ್ತು ವರ್ಷ ಹೆಮಟಾಲಜಿ ಲ್ಯಾಬ್ ನೋಡ್ಕೊಂಡಿರೋಳಾಗಿ ಹೇಳ್ತೀನಿ, ಹೀಗೆ ಎರಡೂ ಎರಡು ದಿಕ್ಕಿಗೆ ಎಳೀತಿದ್ರೆ ಫ್ಯಾಕ್ಟರ್‌ಗೆ ಕೈ ಹಾಕೋದು ಕಟ್ಟಕಡೆಯ ಕೆಲಸ ಆಗ್ಬೇಕಿತ್ತು, ಇಲ್ಲಿ ಮೊದಲನೇ ಕೆಲಸ ಆಗಿದೆ.

ಮಷೀನ್ ಏನು ಅಳೀತಿದೆ ಅನ್ನೋದು ಗೊತ್ತಿದ್ರೆ ಉಳಿದಿದ್ದು ತಾನಾಗೇ ಬಿಡಿಸ್ಕೊಳ್ಳುತ್ತೆ. ವ್ಯಾಲೇಸ್ ಕೌಲ್ಟರ್ ಅನ್ನೋರಿಗೆ 1953ರಲ್ಲಿ ಪೇಟೆಂಟ್ ಸಿಕ್ಕ ಉಪಾಯನೇ ನಿಮ್ಮ ಮಷೀನಿನ ಒಳಗೂ ಇರೋದು. ಕೂದಲೆಳೆಯಷ್ಟು ಸಣ್ಣ ತೂತು, ಅದ್ರ ಎರಡೂ ಕಡೆ ಉಪ್ಪುನೀರಿನಂಥ ಡೈಲ್ಯೂಯೆಂಟ್, ಅದ್ರೊಳಗೆ ಕರೆಂಟ್ ಹರೀತಿರುತ್ತೆ. ಕಣ ತೂತು ದಾಟುವಾಗ ತನ್ನ ಗಾತ್ರದಷ್ಟು ಉಪ್ಪುನೀರನ್ನ ಪಕ್ಕಕ್ಕೆ ತಳ್ಳುತ್ತೆ, ಆ ಕ್ಷಣಕ್ಕೆ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, ಒಂದು ಪಲ್ಸ್ ಏಳುತ್ತೆ. ಪಲ್ಸ್ ಎಷ್ಟು ಎತ್ತರವೋ ಕಣ ಅಷ್ಟು ದೊಡ್ಡದು ಅಂತ ಲೆಕ್ಕ. ಅಂದ್ರೆ ಮಷೀನ್ ಕೆಂಪು ಕಣದ ಗಾತ್ರನ ನೇರವಾಗಿ ನೋಡೋದೇ ಇಲ್ಲ, ಪಲ್ಸನ್ನ ನೋಡಿ ಒಂದು ಫ್ಯಾಕ್ಟರ್‌ನಿಂದ ಗುಣಿಸಿ ಫೆಮ್ಟೊಲೀಟರ್ ಅಂತ ನಮಗೆ ಹೇಳುತ್ತೆ. ಫೆಮ್ಟೊಲೀಟರ್ ಅಂದ್ರೆ ಒಂದು ಲೀಟರನ್ನ ಹತ್ತು ಕೋಟಿ ಕೋಟಿ ಪಾಲು ಮಾಡಿ ಅದ್ರಲ್ಲಿ ಒಂದು ಪಾಲು, ಅಷ್ಟು ಸಣ್ಣದನ್ನ ನೂರಕ್ಕೆ ಒಂದೆರಡರ ಒಳಗಿನ ತಪ್ಪಲ್ಲಿ ಹೇಳೋ ಮಷೀನ್ ನಿಜಕ್ಕೂ ದೊಡ್ಡದೇ, ಆದ್ರೆ ಪಲ್ಸಿನ ಎತ್ತರ ಕಣದ ಗಾತ್ರ ಒಂದರ ಮೇಲೇ ನಿಂತಿಲ್ಲ: ತೂತು ಸ್ವಚ್ಛ ಇದ್ಯಾ, ಡೈಲ್ಯೂಯೆಂಟಲ್ಲಿ ಉಪ್ಪು ಎಷ್ಟು, ಕಣ ಮೆತ್ತಗಿದ್ಯಾ ಗಟ್ಟಿಯಿದ್ಯಾ, ಎಲ್ಲದರ ಮೇಲೂ ನಿಂತಿದೆ.

ಮೊದಲನೇ ತಪ್ಪು ನಂಬಿಕೆ "ಕಂಟ್ರೋಲ್ ರೇಂಜಲ್ಲಿದೆ, ಹಾಗಾಗಿ ಪೇಷಂಟ್ ರಿಪೋರ್ಟ್ ಸರಿ" ಅನ್ನೋದು. ಕಂಟ್ರೋಲ್ ವಯಲ್‌ನಲ್ಲಿರೋದು ತಾಜಾ ರಕ್ತ ಅಲ್ಲ, ತಿಂಗಳುಗಟ್ಟಲೆ ಕೆಡದೇ ಇರ್ಲಿ ಅಂತ ಕೆಮಿಕಲ್ ಹಾಕಿ ಸ್ಟೆಬಿಲೈಸ್ ಮಾಡಿದ ಕಣಗಳು. ಅವು ಸ್ವಲ್ಪ ಗಡಸು. ಡೈಲ್ಯೂಯೆಂಟಲ್ಲಿ ಉಪ್ಪು ಕಮ್ಮಿ ಇದ್ರೆ ತಾಜಾ ಕಣ ನೀರು ಎಳ್ಕೊಂಡು ನೆನೆಸಿಟ್ಟ ಕಡ್ಲೆ ಹಾಗೆ ಉಬ್ಬುತ್ತೆ, ಸ್ಟೆಬಿಲೈಸ್ ಮಾಡಿದ ಕಣ ಅಷ್ಟಾಗಿ ಉಬ್ಬಲ್ಲ. ಹಾಗಾಗಿ ಡೈಲ್ಯೂಯೆಂಟ್ ತೊಂದರೆ ಇದ್ರೆ ಪೇಷಂಟ್ ಎಂಸಿವಿ ಏರುತ್ತೆ, ಕಂಟ್ರೋಲ್ ಒಂಚೂರು ಮಾತ್ರ ಸರಿಯುತ್ತೆ. ನಿಮ್ಮಲ್ಲಿ ಆಗಿರೋದು ಹೆಚ್ಚೂಕಮ್ಮಿ ಇದೇ.

ಮತ್ತೆ ಕಂಟ್ರೋಲ್ ಪೂರ್ತಿ ಸುಮ್ಮನೇನೂ ಇರ್ಲಿಲ್ಲ ನೋಡಿ. 89 ಬರ್ತಿದ್ದಿದ್ದು 91.5ಕ್ಕೆ ಹೋಗಿ ಅಲ್ಲೇ ಕೂತಿದೆ, ಅದೂ ಮೂರು ತಿಂಗಳು. ರೇಂಜ್ ಒಳಗಿದೆ ಅಂತ ಟಿಕ್ ಹಾಕಿ ಮುಂದೆ ಹೋಗಿದ್ದೀರ, ನಾವೆಲ್ಲ ಮಾಡೋದೇ ಅದು. ಅದನ್ನೇ ಎಲ್‌ಜೆ ಚಾರ್ಟಲ್ಲಿ (ದಿನದಿನದ ಕಂಟ್ರೋಲ್ ರೀಡಿಂಗಿನ ಗ್ರಾಫ್) ಚುಕ್ಕಿ ಹಾಕಿ ನೋಡಿದ್ರೆ ಹತ್ತು ದಿನದಲ್ಲೇ ಕಣ್ಣಿಗೆ ಹೊಡೀತಿತ್ತು: ಎಲ್ಲಾ ಚುಕ್ಕಿ ಟಾರ್ಗೆಟ್ ಗೆರೆಯ ಮೇಲ್ಗಡೆ, ಕೆಳಗೆ ಒಂದೂ ಇಲ್ಲ. ಹತ್ತು ಸತತ ಒಂದೇ ಕಡೆ ಬಿದ್ರೆ ರೇಂಜ್ ಒಳಗಿದ್ರೂ ಏನೋ ಬದಲಾಗಿದೆ ಅಂತಾನೇ ಅರ್ಥ. ಹಳೇ ರೀಡಿಂಗ್ ರಿಜಿಸ್ಟರಲ್ಲಿ ಇರುತ್ತಲ್ಲ, ಇವತ್ತು ಕೂತು ಬರೀರಿ, ಆ ಜಿಗಿತ ಯಾವ ದಿನ ಆಗಿದೆ ನೋಡಿ, ಲೋಕಲ್ ಕ್ಯಾನ್ ಹಾಕಿದ ದಿನಕ್ಕೆ ತಾಳೆ ಆಗುತ್ತೆ ಅಂತ ನನ್ನ ಅಂದಾಜು. ಒಂದೇ ಒಂದು ಎಚ್ಚರಿಕೆ, ಅದೇ ವಾರ ಕಂಟ್ರೋಲ್ ಲಾಟ್ ಕೂಡ ಬದಲಾಗಿದ್ಯಾ ನೋಡ್ಕೊಳ್ಳಿ, ಹಾಗಿದ್ರೆ ಎರಡನ್ನೂ ಹೋಲಿಸಕ್ಕೆ ಬರಲ್ಲ. ವಯಲ್ ಹಳೇದಾಗ್ತಾ ಎಂಸಿವಿ ನಿಧಾನಕ್ಕೆ ಏರೋದೂ ಉಂಟು, ಆದ್ರೆ ಅದು ಮೆಟ್ಟಿಲು ಹತ್ತಿದ ಹಾಗೆ ಒಂದೇ ದಿನ ಆಗಲ್ಲ.

ಈ ಡೈಲ್ಯೂಯೆಂಟ್ ವಿಷಯ ನನಗೆ ಯಾಕೆ ಇಷ್ಟು ಬೇಗ ಹೊಳೀತು ಅಂದ್ರೆ ನಾನೂ ಪೆಟ್ಟು ತಿಂದಿದ್ದೀನಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಆಸ್ಪತ್ರೆ ಲ್ಯಾಬಲ್ಲಿ ರಾತ್ರಿ ಪಾಳಿಯಲ್ಲಿ ಕ್ಯಾನ್ ಖಾಲಿ ಆಗ್ತಾ ಬಂತು, ಸ್ಟೋರ್ ಬೀಗ, ಯಾರೋ ಒಳ್ಳೇ ಮನಸ್ಸಿಂದಾನೇ ಡಿಸ್ಟಿಲ್ಡ್ ವಾಟರ್ ಸುರಿದು ಬೆಳಗಿನ ತನಕ ಸಾಗಿಸಿದ್ದಾರೆ. ಬೆಳಿಗ್ಗೆ ಕಂಟ್ರೋಲ್ ಮೇಲಿನ ಗಡಿಗೆ ಅಂಟಿಕೊಂಡು ಪಾಸಾಯ್ತು. ವಾರ್ಡಿನ ರಿಪೋರ್ಟ್‌ಗಳಲ್ಲಿ ಮಾತ್ರ ಎಲ್ಲರ ಎಂಸಿಎಚ್‌ಸಿ (ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಎಷ್ಟು ದಟ್ಟ ಅನ್ನೋ ಅಳತೆ) 29, 30. ಅದನ್ನ ಕಂಡುಹಿಡಿದಿದ್ದು ನಾನಲ್ಲ, ನಮ್ಮ ಸೀನಿಯರ್ ಒಬ್ರು, ಪ್ರಿಂಟ್‌ಔಟ್ ಕಟ್ಟನ್ನ ಇಸ್ಪೀಟೆಲೆ ಹಾಗೆ ತಿರುವಿ ಹಾಕಿ "ಊರಿಗೆಲ್ಲ ಒಂದೇ ರಾತ್ರೀಲಿ ಎಂಸಿಎಚ್‌ಸಿ ಇಳಿಯಕ್ಕೆ ಸಾಧ್ಯನೇನಮ್ಮ" ಅಂದ್ರು.

ಆ ಎಂಸಿಎಚ್‌ಸಿನೇ ನಿಮ್ಮ ಪುಕ್ಕಟೆ ಕಾವಲುಗಾರ. ನೀವು ಹೇಳಿದ ಪೇಷಂಟ್‌ನೇ ತಗೊಳ್ಳೋಣ, ಹಿಮೋಗ್ಲೋಬಿನ್ 12.3, ಆರ್‌ಬಿಸಿ (ಕೆಂಪು ಕಣದ ಎಣಿಕೆ) 4.10 ಇದ್ದಿರಬಹುದು ಅಂತ ಇಟ್ಕೊಳ್ಳಿ. ಎಂಸಿವಿ 96 ಅಂದ್ರೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಶೇಕಡಾ ಪಾಲು) 39.4 ಆಗುತ್ತೆ, ಎಂಸಿಎಚ್‌ಸಿ 31.2. ಎಂಸಿವಿ 89 ಅಂದ್ರೆ ಹೆಮಟೋಕ್ರಿಟ್ 36.5, ಎಂಸಿಎಚ್‌ಸಿ 33.7. ಹಿಮೋಗ್ಲೋಬಿನ್ನನ್ನ ಮೂರರಿಂದ ಗುಣಿಸಿದ್ರೆ ಹೆಮಟೋಕ್ರಿಟ್ ಹತ್ತಿರ ಬರ್ಬೇಕು ಅಂತ ಕಾಲೇಜಲ್ಲಿ ಹೇಳ್ಕೊಟ್ಟಿರ್ತಾರಲ್ಲ, 12.3 ಇಂಟು 3, 36.9. ಯಾವ ಲೆಕ್ಕ ಕೂಡ್ತಿದೆ ನೀವೇ ನೋಡಿ. ಈ ಮೂರರ ಲೆಕ್ಕ ಕಣ ನಾರ್ಮಲ್ ಗಾತ್ರ ಇದ್ದಾಗ ಮಾತ್ರ ಕೂಡುತ್ತೆ, ಐರನ್ ಕಮ್ಮಿ ಇರೋ ಪೇಷಂಟ್ ಮೇಲೆ ಪ್ರಯೋಗ ಮಾಡಿ ಮಷೀನನ್ನ ಬೈಬೇಡಿ. ಒಬ್ಬರ ಎಂಸಿಎಚ್‌ಸಿ ಮಷೀನ್ ಬಗ್ಗೆ ಏನೂ ಹೇಳಲ್ಲ, ಆದ್ರೆ ಸಾಲಾಗಿ ಇಪ್ಪತ್ತು ಪೇಷಂಟ್‌ಗಳ ಸರಾಸರಿ ದಿನದಿಂದ ದಿನಕ್ಕೆ ಆಶ್ಚರ್ಯ ಆಗೋಷ್ಟು ಸ್ಥಿರ. ಅಮೆರಿಕಾದ ಬ್ರಯಾನ್ ಬುಲ್ ಅನ್ನೋರು 1970ರ ದಶಕದಲ್ಲಿ ಇದನ್ನೇ ಹಿಡ್ಕೊಂಡು, ಇಪ್ಪತ್ತಿಪ್ಪತ್ತು ಪೇಷಂಟ್‌ಗಳ ಗುಂಪಿನ ಎಂಸಿವಿ, ಎಂಸಿಎಚ್ (ಒಂದು ಕಣದಲ್ಲಿರೋ ಹಿಮೋಗ್ಲೋಬಿನ್), ಎಂಸಿಎಚ್‌ಸಿ ಸರಾಸರಿ ಶೇಕಡಾ 3ಕ್ಕಿಂತ ಜಾಸ್ತಿ ಅಲ್ಲಾಡಿದ್ರೆ ಮಷೀನ್ ನೋಡಿ ಅನ್ನೋ ಪದ್ಧತಿ ತಂದ್ರು. ನಿಮ್ಮ ಮಷೀನಿನ ಕ್ಯೂಸಿ ಮೆನುವಿನಲ್ಲಿ ಎಕ್ಸ್‌ಬಾರ್ ಬಿ ಅನ್ನೋ ಹೆಸರಲ್ಲಿ ಇದ್ದರೂ ಇರಬಹುದು, ಇಲ್ಲಾಂದ್ರೆ ಕ್ಯಾಲ್ಕುಲೇಟರ್ ಸಾಕು. ಒಂದು ಮಾತು, ಆವತ್ತು ಶಾಲೆಯ ಅನೀಮಿಯಾ ಕ್ಯಾಂಪ್ ಸ್ಯಾಂಪಲ್ ಬಂದಿದ್ರೆ ಅದನ್ನ ಸೇರಿಸ್ಬೇಡಿ.

ಎಂಸಿವಿ ಜಾಸ್ತಿ ತೋರ್ಸಕ್ಕೆ ಬೇರೆ ಕಾರಣಗಳೂ ಇದಾವೆ, ನಿಮ್ಮಲ್ಲಿ ಎರಡು ಅನುಮಾನ. ಒಂದು ಆ ಮಧ್ಯಾಹ್ನದ ಬಸ್ಸು. ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ಕೆಮಿಕಲ್) ಟ್ಯೂಬಲ್ಲಿ ರಕ್ತ ರೂಮ್ ಟೆಂಪರೇಚರಲ್ಲಿ ಕೂತಷ್ಟೂ ಕೆಂಪು ಕಣ ಮೆಲ್ಲಗೆ ಉಬ್ಬುತ್ತೆ, ಬಿಸಿಲಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಕೂತ್ರೆ ಇನ್ನೂ ಬೇಗ. ಪ್ಲೇಟ್‌ಲೆಟ್ ಅಂತೂ ಮೊದಲ ಗಂಟೆಯಿಂದಾನೇ ಉಬ್ಬಕ್ಕೆ ಶುರು, ಹಾಗಾಗಿ ಹಳ್ಳಿ ಸ್ಯಾಂಪಲ್‌ನ ಎಂಪಿವಿ (ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ) ಮೇಲೆ ಯಾರಾದ್ರೂ ಡಾಕ್ಟ್ರು ಏನಾದ್ರೂ ತೀರ್ಮಾನ ತಗೊಳ್ತಿದ್ರೆ ದಯವಿಟ್ಟು ಬೇಡ ಅಂತ ಹೇಳಿ. ಲ್ಯಾಬಲ್ಲೇ ತೆಗೆದ ರಕ್ತ, ಬಸ್ಸಲ್ಲಿ ಬಂದ ರಕ್ತ, ಎರಡರ ಎಂಸಿವಿ ಸರಾಸರಿ ಬೇರೆ ಬೇರೆ ಮಾಡಿ ನೋಡಿ. ಬಸ್ಸಿಂದು ಮಾತ್ರ ಜಾಸ್ತಿ ಇದ್ರೆ ಮಷೀನಿನ ತಪ್ಪೇ ಅಲ್ಲ, ಐಸ್‌ಪ್ಯಾಕ್ ಡಬ್ಬಿ ಕೊಡಿ, ಟ್ಯೂಬ್ ಐಸಿಗೆ ತಾಗದ ಹಾಗೆ. ಎರಡೂ ಜಾಸ್ತಿ ಇದ್ರೆ ಡೈಲ್ಯೂಯೆಂಟ್ ಕಡೆಗೆ ಬೆರಳು. ನನಗೇನೋ ಎರಡೂ ಸ್ವಲ್ಪ ಸ್ವಲ್ಪ ಸೇರಿದೆ ಅನ್ಸುತ್ತೆ.

ಇನ್ನೊಂದು ಅಪರ್ಚರ್ (ಅದೇ ಸಣ್ಣ ತೂತು) ಗಲೀಜು. ರಕ್ತದ ಪ್ರೋಟೀನ್ ಆ ತೂತಿನ ಅಂಚಿಗೆ ಕೂತು ಕೂತು ತೂತು ಸಣ್ಣ ಆಗುತ್ತೆ, ಆಗ ಅದೇ ಕಣಕ್ಕೆ ಪಲ್ಸ್ ದೊಡ್ಡದಾಗಿ ಏಳುತ್ತೆ, ಎಂಸಿವಿ ಏರುತ್ತೆ, ಕೌಂಟ್ ಇಳಿಯುತ್ತೆ. ಆದ್ರೆ ಗಲೀಜು ಕಂಟ್ರೋಲ್ ಯಾವುದು ಪೇಷಂಟ್ ಯಾವುದು ಅಂತ ನೋಡಲ್ಲ, ಎರಡನ್ನೂ ಒಂದೇ ಥರ ಏರಿಸುತ್ತೆ, ಅದಕ್ಕೇ ನಿಮ್ಮ ಕೇಸಲ್ಲಿ ಅದು ಮುಖ್ಯ ಆರೋಪಿ ಅಲ್ಲ. ಆದ್ರೂ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಹಾಗೆ ಹೈಪೋಕ್ಲೋರೈಟ್ ಕ್ಲೀನರ್ ನೆನೆಹಾಕಿ ತೊಳೆದುಬಿಡಿ, ಖರ್ಚೇನಿಲ್ಲ.

ಒಬ್ಬಿಬ್ಬರಿಗೆ ಮಾತ್ರ ವಿಚಿತ್ರವಾಗಿ ಜಾಸ್ತಿ ಬಂದ್ರೆ ಅದು ಮಷೀನಿನ ಕಥೆಯಲ್ಲ, ಪೇಷಂಟಿನ ಕಥೆ. ಎಂಸಿವಿ ಏರಿ ಆರ್‌ಬಿಸಿ ತೀರಾ ಕಮ್ಮಿ ಆಗಿ ಎಂಸಿಎಚ್‌ಸಿ 37–38 ದಾಟಿದ್ರೆ ಕೋಲ್ಡ್ ಅಗ್ಲುಟಿನಿನ್ (ತಣ್ಣಗಾದಾಗ ಕಣಗಳನ್ನ ಅಂಟಿಸೋ ಪ್ರತಿಕಾಯ) ಇರಬಹುದು, ಕಣಗಳು ಜೋಡಿ ಜೋಡಿಯಾಗಿ ಅಂಟಿಕೊಂಡು ದಾಟ್ತಿರ್ತವೆ, ಟ್ಯೂಬನ್ನ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಣ್ಣಗಾಗೋ ಮೊದಲೇ ಹಾಕಿ. ಶುಗರ್ 600ರ ಮೇಲಿರೋ ಡಯಾಬಿಟಿಸ್‌ನವರ ಕಣ ಡೈಲ್ಯೂಯೆಂಟಿಗೆ ಬಿದ್ದ ತಕ್ಷಣ ಉಬ್ಬುತ್ತೆ, ಅದು ಸುಳ್ಳು ಎಂಸಿವಿ.

ಈಗ ಲ್ಯಾಟೆಕ್ಸ್ ಬೀಡ್ಸ್. ಸೇಲ್ಸ್‌ನವರು ಹೇಳಿದ್ದು ಅರ್ಧ ನಿಜ. ಬೀಡಿನ ಅಳತೆ ಪಕ್ಕಾ ಇರಬಹುದು, ಆದ್ರೆ ಅದು ಕೆಂಪು ಕಣದ ಹಾಗೆ ನಡ್ಕೊಳ್ಳಲ್ಲ. ತೂತಿನ ಸೆಳೆತಕ್ಕೆ ಸಿಕ್ಕಿದ ಕೆಂಪು ಕಣ ಗಂಟಲಲ್ಲಿ ಇಳಿಯೋ ರಾಗಿಮುದ್ದೆ ತುತ್ತಿನ ಹಾಗೆ ಉದ್ದಕ್ಕೆ ಎಳೆದುಕೊಂಡು ಜಾರುತ್ತೆ. ಬೀಡು ಗೋಲಿ ಇದ್ದ ಹಾಗೆ, ದುಂಡಗೇ ಹೋಗುತ್ತೆ. ಒಂದೇ ಗಾತ್ರ ಇದ್ರೂ ದುಂಡಗಿನ ಗಟ್ಟಿ ಕಣ ದೊಡ್ಡ ಪಲ್ಸ್ ಕೊಡುತ್ತೆ. ಇದಕ್ಕೆ ಶೇಪ್ ಫ್ಯಾಕ್ಟರ್ ಅಂತಾರೆ, ಗಟ್ಟಿ ಗೋಳಕ್ಕೆ 1.5, ಎಳೆದುಕೊಂಡ ಕೆಂಪು ಕಣಕ್ಕೆ 1ಕ್ಕಿಂತ ಸ್ವಲ್ಪವೇ ಜಾಸ್ತಿ. 5 ಮೈಕ್ರಾನ್ ಬೀಡಿನ ನಿಜವಾದ ಗಾತ್ರ 65 ಫೆಮ್ಟೊಲೀಟರ್, ರಕ್ತಕ್ಕೆ ಸರಿಯಾಗಿ ಕ್ಯಾಲಿಬ್ರೇಟ್ ಆಗಿರೋ ಮಷೀನ್ ಅದನ್ನ 90ರ ಹತ್ತಿರ ತೋರಿಸಿದ್ರೂ ಆಶ್ಚರ್ಯ ಇಲ್ಲ. ಅದನ್ನ ನೋಡಿ "ಅಯ್ಯೋ ತಪ್ಪು" ಅಂತ 65ಕ್ಕೆ ಇಳಿಸಿದ್ರೆ ಊರಿಗೆಲ್ಲ ಮೈಕ್ರೋಸೈಟಿಕ್ ಅನೀಮಿಯಾ (ಕಣ ಸಣ್ಣದಾಗೋ ರಕ್ತಹೀನತೆ) ರಿಪೋರ್ಟ್ ಹಂಚ್ತೀರ! ಇನ್ನೊಂದು ಬಲೆ ಏನಂದ್ರೆ ಬೀಡನ್ನ ಅಡ್ಡಳತೆ ಲೆಕ್ಕದಲ್ಲಿ ಮಾರ್ತಾರೆ, ಅಡ್ಡಳತೆಯಲ್ಲಿ ಶೇಕಡಾ 2 ವ್ಯತ್ಯಾಸ ಅಂದ್ರೆ ಗಾತ್ರದಲ್ಲಿ ಶೇಕಡಾ 6. ಬೀಡ್ಸ್ ಬೇಡವೇ ಬೇಡ ಅಂತಲ್ಲ. ಮಷೀನಿನ ಎಲೆಕ್ಟ್ರಾನಿಕ್ಸ್ ನಿನ್ನೆ ಮೊನ್ನೆಯಷ್ಟೇ ಸ್ಥಿರವಾಗಿದ್ಯಾ ಅಂತ ಇಂಜಿನಿಯರ್ ನೋಡ್ಕೊಳ್ಳಕ್ಕೆ ಬಹಳ ಒಳ್ಳೇದು, ರಕ್ತದ ಎಂಸಿವಿ ಎಷ್ಟು ಅಂತ ತೀರ್ಮಾನ ಮಾಡಕ್ಕೆ ಅಲ್ಲ. ನಿಮ್ಮ ದುಡ್ಡು ಉಳಿಸಿ.

ಹಾಗಾದ್ರೆ ಪಂಚಾಯ್ತಿಕೆಗೆ ಯಾರನ್ನ ಕೂರಿಸೋದು? ನಮ್ಮ ಹಳೇ ಪಿಸಿವಿನೇ, ಅಂದ್ರೆ ರಕ್ತನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ಹೆಮಟೋಕ್ರಿಟ್ ನೇರವಾಗಿ ಓದೋದು. ವಿನ್‌ಟ್ರೋಬ್ ಟ್ಯೂಬ್ ಕಾಲದಿಂದ ಬಂದಿರೋ ವಿದ್ಯೆ, ಈಗ ಕ್ಯಾಪಿಲರಿಯಲ್ಲಿ (ಸಣ್ಣ ಗಾಜಿನ ಕೊಳವೆ) ಮಾಡೋದು. ಇದರ ದೊಡ್ಡ ಗುಣ ಏನಂದ್ರೆ ಡೈಲ್ಯೂಯೆಂಟ್ ಆ ರಕ್ತಕ್ಕೆ ಸೋಕೋದೇ ಇಲ್ಲ, ಕಣ ತನ್ನದೇ ಪ್ಲಾಸ್ಮಾದಲ್ಲಿ ಇರುತ್ತೆ. ಮೈಕ್ರೋ ಹೆಮಟೋಕ್ರಿಟ್ ಸೆಂಟ್ರಿಫ್ಯೂಜ್ ನಿಮ್ಮತ್ರ ಇಲ್ಲಾಂದ್ರೆ ಹತ್ತಿರದ ಬ್ಲಡ್ ಬ್ಯಾಂಕಲ್ಲಿ ಕೇಳಿ, ಎಷ್ಟೋ ಕಡೆ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತೆ. ಲ್ಯಾಬಲ್ಲೇ ತೆಗೆದು ನಾಲ್ಕು ಗಂಟೆ ಒಳಗಿರೋ, ಟ್ಯೂಬ್ ಗೆರೆವರೆಗೂ ತುಂಬಿರೋ ಸ್ಯಾಂಪಲ್ ಇಪ್ಪತ್ತು ಆರಿಸ್ಕೊಳ್ಳಿ, ಹಿಮೋಗ್ಲೋಬಿನ್ ಎಂಸಿವಿ ತೀರಾ ಏರುಪೇರು ಇಲ್ಲದವರದ್ದು. ಅರ್ಧ ಟ್ಯೂಬ್ ರಕ್ತಕ್ಕೆ ಇಡಿಟಿಎ ಜಾಸ್ತಿಯಾಗಿ ಕಣ ಮುದುಡಿ ಪಿಸಿವಿನೇ ತಪ್ಪಾಗುತ್ತೆ, ಅದಕ್ಕೇ ಗೆರೆ ಮಾತು ಹೇಳಿದ್ದು. ಇಡಿಟಿಎ ರಕ್ತಕ್ಕೆ ನೀಲಿ ಗೆರೆಯ ಪ್ಲೇನ್ ಕ್ಯಾಪಿಲರಿ ಬೇಕು, ಕೆಂಪು ಗೆರೆಯದು ಹೆಪರಿನ್ ಇರೋದು. ಒಬ್ಬೊಬ್ಬರಿಗೆ ಎರಡೆರಡು ಕ್ಯಾಪಿಲರಿ, ಐದು ನಿಮಿಷ ಪೂರ್ತಿ ಸ್ಪೀಡಲ್ಲಿ ತಿರುಗಿಸಿ, ಬಿಳಿ ಪದರ ಬಿಟ್ಟು ಓದಿ, ಎರಡರ ನಡುವೆ ಒಂದು ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಅದನ್ನ ಬಿಟ್ಟು ಮತ್ತೆ ಮಾಡಿ. ಪಿಸಿವಿಯನ್ನ ಹತ್ತರಿಂದ ಗುಣಿಸಿ ಮಷೀನಿನ ಆರ್‌ಬಿಸಿಯಿಂದ ಭಾಗಿಸಿ, ಅದೇ ಎಂಸಿವಿ. ಕಣಗಳ ನಡುವೆ ಸ್ವಲ್ಪ ಪ್ಲಾಸ್ಮಾ ಸಿಕ್ಕಿಹಾಕ್ಕೊಂಡಿರುತ್ತೆ, ಅದ್ರಿಂದ ಪಿಸಿವಿ ಶೇಕಡಾ ಒಂದೆರಡು ಜಾಸ್ತಿ ಬರೋದು ಸಹಜ, ಅಷ್ಟನ್ನ ಕಳೆದು ನೋಡಿ.

ಇದನ್ನ ಮಾಡೋ ಮುಂಚೆ ಒಂದೇ ತಾಜಾ ಸ್ಯಾಂಪಲನ್ನ ಹತ್ತು ಸಲ ಹಾಕಿ, ಎಂಸಿವಿ ಒಂದೂವರೆ ಫೆಮ್ಟೊಲೀಟರ್‌ಗಿಂತ ಜಾಸ್ತಿ ಓಲಾಡ್ತಿದ್ರೆ ಮುಂದಿನ ಲೆಕ್ಕಗಳೆಲ್ಲ ವ್ಯರ್ಥ, ಅಪರ್ಚರ್, ವ್ಯಾಕ್ಯೂಮ್, ಅರ್ಥಿಂಗ್ ಸರಿ ಮಾಡ್ಸಿ. ಯುಪಿಎಸ್ ಅರ್ಥಿಂಗ್ ಸರಿಯಿಲ್ಲದೆ ಕರೆಂಟಿನ ಗದ್ದಲವನ್ನೇ ಪ್ಲೇಟ್‌ಲೆಟ್ ಅಂತ ಎಣಿಸೋ ಮಷೀನ್‌ಗಳನ್ನೂ ನೋಡಿದ್ದೀನಿ, ಡೆಂಗಿ ಸೀಸನ್‌ನಲ್ಲಿ ಇದು ಆಟ ಅಲ್ಲ.

ಈಗ ನಿಮ್ಮ ಮುಂದಿರೋ ದಾರಿಗಳು. ನಾನು ನಿಮ್ಮ ಜಾಗದಲ್ಲಿದ್ರೆ ಕಂಪನಿಯ ಒರಿಜಿನಲ್ ಡೈಲ್ಯೂಯೆಂಟ್ ಒಂದು ಕ್ಯಾನ್ ತರಿಸಿ, ಲೈನ್ ಚೆನ್ನಾಗಿ ಪ್ರೈಮ್ ಮಾಡಿ (ಹೊಸ ದ್ರವ ಹರಿಸಿ), ಬ್ಯಾಕ್‌ಗ್ರೌಂಡ್ (ರಕ್ತ ಹಾಕದೇ ಬರೋ ಎಣಿಕೆ) ನೋಡಿ, ಫ್ಯಾಕ್ಟರನ್ನ ಮತ್ತೆ 100ಕ್ಕೆ ತಂದು, ಕಂಟ್ರೋಲ್ ಮತ್ತೆ ಆ ಇಪ್ಪತ್ತು ಸ್ಯಾಂಪಲ್ ಹಾಕ್ತಿದ್ದೆ. ಕಂಟ್ರೋಲ್ 89–90, ಪೇಷಂಟ್ ಪಿಸಿವಿಗೆ ಹೊಂದಿಕೆ, ಎರಡೂ ಒಟ್ಟಿಗೆ ಬಂದ್ರೆ ಕಳ್ಳ ಸಿಕ್ಕ ಹಾಗೇ. ಇದರಲ್ಲಿರೋ ಅಪಾಯ ಜೇಬಿಗೆ ಮಾತ್ರ. ಹಳೇ ಕ್ಯಾನಲ್ಲಿ ಉಳಿದಿದ್ದನ್ನ ಹೊಸ ಕ್ಯಾನಿಗೆ ಸುರೀಬೇಡಿ, ಅದೊಂದು ಅಭ್ಯಾಸ ಎಲ್ಲಾ ಕಡೆ ಇದೆ.

ಲೋಕಲ್ ಡೈಲ್ಯೂಯೆಂಟೇ ಇಟ್ಕೊಂಡು ಅದಕ್ಕೆ ತಕ್ಕ ಹಾಗೆ ಫ್ಯಾಕ್ಟರ್ ಹೊಂದಿಸಿ ನಡೆಸೋದು ಎರಡನೇ ದಾರಿ, ಇಂಜಿನಿಯರ್ ಮಾಡಿ ಹೋಗಿರೋದು ಅದನ್ನೇ. ಲೋಕಲ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳಲ್ಲ, ಚೆನ್ನಾಗಿ ಮಾಡೋರೂ ಇದಾರೆ. ಆದ್ರೆ ರಕ್ತದ ಆಸ್ಮೊಲಾಲಿಟಿ (ಅದ್ರಲ್ಲಿ ಕರಗಿರೋ ಉಪ್ಪು ಮೊದಲಾದವುಗಳ ಅಳತೆ) 290ರ ಆಸುಪಾಸು ಇರುತ್ತೆ, ಈ ಲಾಟ್ ಕ್ಯಾನ್ ಎಷ್ಟಿದೆ, ಮುಂದಿನ ಲಾಟ್ ಎಷ್ಟಿರುತ್ತೆ, ಸರ್ಟಿಫಿಕೇಟ್ ಕೇಳಿ. ಕೊಡಲ್ಲ ಅಂದ್ರೆ ಪ್ರತೀ ಲಾಟಿಗೂ ನೀವೇ ಪಿಸಿವಿ ಮಾಡಿ ನೋಡ್ಬೇಕು, ಕಂಟ್ರೋಲಿನ ಪ್ಯಾಕಲ್ಲಿರೋ ಟಾರ್ಗೆಟ್ ನಿಮಗೆ ಉಪಯೋಗಕ್ಕೆ ಬರಲ್ಲ ಯಾಕಂದ್ರೆ ಅದು ಆ ಮಷೀನ್, ಆ ಕಂಪನಿ ಡೈಲ್ಯೂಯೆಂಟ್ ಎರಡೂ ಸೇರಿದಾಗಿನ ನಂಬರ್. ಉಳಿಸಿದ ಅರ್ಧ ರೇಟು ಅಲ್ಲೇ ಕರಗಿಹೋಗುತ್ತೆ. "ಹೊಸ ಲಾಟ್ ಬಂದ್ರೆ ಸರಿಹೋಗುತ್ತೆ" ಅಂದ್ರಲ್ಲ, ಹೊಸ ಲಾಟ್ ಕಂಟ್ರೋಲೂ ಅದೇ ಗಡಸು ಕಣ, ಅದೂ ಕೆಳಗೇ ಬರುತ್ತೆ. ಕಂಟ್ರೋಲ್ ರೇಂಜ್‌ಗೆ ಬರ್ಲಿ ಅಂತ ಕಂಟ್ರೋಲ್ ಇಟ್ಕೊಂಡೇ ಕ್ಯಾಲಿಬ್ರೇಶನ್ ಮಾಡೋದಂತೂ ಬೇಡವೇ ಬೇಡ, ಕ್ಯಾಲಿಬ್ರೇಟರ್ ಬೇರೆ, ಕಂಟ್ರೋಲ್ ಬೇರೆ, ಪರೀಕ್ಷೆ ಬರೆಯೋನೇ ಪೇಪರ್ ತಿದ್ದಿದ ಹಾಗಾಗುತ್ತೆ.

ದೊಡ್ಡ ಲ್ಯಾಬಿಗೆ ಅದೇ ಟ್ಯೂಬಿಂದ ಹತ್ತು ಸ್ಯಾಂಪಲ್ ಕಳಿಸಿ ಅವರ ನಂಬರ್‌ಗೆ ಹೊಂದಿಸೋದೂ ಒಂದು ದಾರಿ, ಪಿಸಿವಿ ಮಾಡಕ್ಕೆ ಆಗದೇ ಇರೋರಿಗೆ. ಅವರ ಮಷೀನ್ ಸರಿಯಿದೆ ಅಂತ ನೀವು ನಂಬಿ ಕೂತ ಹಾಗೆ, ಮತ್ತೆ ಸ್ಯಾಂಪಲ್ ದಾರಿಯಲ್ಲೇ ಉಬ್ಬಿದ್ರೆ ಹೋಲಿಕೆ ಕೆಡುತ್ತೆ, ಹಾಗಾಗಿ ಎರಡೂ ಕಡೆ ಎರಡು ಗಂಟೆ ಅಂತರದೊಳಗೆ ಓಡಿಸ್ಬೇಕು. ಈಕ್ಯಾಸ್‌ಗೆ (ಹೊರಗಿನವರು ಸ್ಯಾಂಪಲ್ ಕಳಿಸಿ ಲ್ಯಾಬಿನ ಗುಣಮಟ್ಟ ನೋಡೋ ವ್ಯವಸ್ಥೆ) ಸೇರಿಲ್ಲ ಅಂದ್ರೆ ದೆಹಲಿ ಏಮ್ಸ್‌ನವರ ಜೊತೆ ಐಎಸ್‌ಎಚ್‌ಟಿಎಂ ಅನ್ನೋ ಹೆಮಟಾಲಜಿ ಸಂಘ ನಡೆಸೋ ಪ್ರೋಗ್ರಾಂ ಇದೆ, ಎನ್‌ಎಬಿಎಲ್ (ಲ್ಯಾಬ್ ಮಾನ್ಯತೆ) ಇಲ್ಲದಿದ್ರೂ ಸೇರಿ. ಆದ್ರೆ ಅವರು ಕಳಿಸೋದೂ ಸ್ಟೆಬಿಲೈಸ್ ಮಾಡಿದ ರಕ್ತನೇ, ಡೈಲ್ಯೂಯೆಂಟ್ ತೊಂದರೆ ಅದ್ರಲ್ಲೂ ಅರ್ಧ ಮರೆಯಾಗುತ್ತೆ ಅನ್ನೋದು ನೆನಪಿರ್ಲಿ.

ಕೊನೆಗೆ ಕಳೆದ ಮೂರು ತಿಂಗಳ ರಿಪೋರ್ಟ್‌ಗಳ ವಿಷಯ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. 96 ಬಂದೋರಿಗೆ 89 ಅಂದ್ರೆ ಚಿಕಿತ್ಸೆಯೇನೂ ಬದಲಾಗಲ್ಲ. ಎರಡು ಗುಂಪಿಗೆ ಮಾತ್ರ ಬದಲಾಗುತ್ತೆ. 100 ದಾಟಿದೆ ಅಂತ ಬಿ12 ಇಂಜೆಕ್ಷನ್ ಶುರುವಾಗಿರೋರು ಒಂದು. ಇನ್ನೊಂದು, ನನಗೆ ಜಾಸ್ತಿ ಯೋಚನೆ ಆಗೋದು, ನಿಮ್ಮಲ್ಲಿ 80ರಿಂದ 85ರ ನಡುವೆ ಬಂದ ಗರ್ಭಿಣಿಯರು. ಅವರ ನಿಜವಾದ ಎಂಸಿವಿ 75–79 ಇದ್ದಿರಬಹುದು, 80ರ ಕೆಳಗೆ ಅಂದ್ರೆ ಐರನ್ ಕಮ್ಮಿನಾ ತಲಸ್ಸೀಮಿಯಾ ಟ್ರೇಟಾ (ವಂಶದಲ್ಲಿ ಬರೋ ರಕ್ತದೋಷ) ಅಂತ ಎಚ್‌ಬಿಎ2 (ಅದನ್ನ ಗುರುತಿಸೋ ಹಿಮೋಗ್ಲೋಬಿನ್ ಪರೀಕ್ಷೆ) ನೋಡಕ್ಕೆ ಕಳಿಸ್ತಿದ್ರು, 82 ಕಂಡು ಸುಮ್ಮನಾಗಿರ್ತಾರೆ. ರಿಜಿಸ್ಟರ್ ತೆಗೆದು ಆ ಹೆಸರುಗಳನ್ನ ಗುರುತು ಹಾಕಿ, ಡಾಕ್ಟ್ರ ಹತ್ರ ಹೋಗಿ "ಸರ್, ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಎಂಸಿವಿ ಜಾಸ್ತಿ ಬಂದಿದೆ, ಇವರಿಗೆ ಮತ್ತೊಂದ್ಸಲ ಫ್ರೀ ಮಾಡ್ಕೊಡ್ತೀನಿ" ಅಂತ ಹೇಳಿ. ಬೈಸ್ಕೋತೀರ, ಪರವಾಗಿಲ್ಲ, ಮೂರು ತಿಂಗಳಿಂದ ಅವರೇ ಹೇಳ್ತಿದ್ರಲ್ಲ. ಪಿಸಿವಿ ನಂಬರ್‌ಗಳು ಬಂದ್ಮೇಲೆ ಡೈಲ್ಯೂಯೆಂಟ್ ಲಾಟ್ ನಂಬರ್ ಜೊತೆ ಬರೆದು ಕಳಿಸಿ, ನೋಡಿ ಹೇಳ್ತೀನಿ.